ಎಳೆದು ಕೊಯ್ಯುವ ಗರಗಸ: ಜಪಾನಿನ ರ್ಯೋಬಾ

ನನ್ನ ಮರಗೆಲಸದ ಕೋಣೆಯಲ್ಲಿ ವಿದ್ಯುತ್ ಗರಗಸವೂ ಇದೆ. ಆದರೂ ಪೆಟ್ಟಿಗೆ, ಮಣೆ, ಸ್ಟೂಲಿನಂಥ ಜೋಡಣೆಯ ಕೆಲಸಕ್ಕೆ ಕೈ ಹೋಗುವುದು ರ್ಯೋಬಾದ ಕಡೆಗೇ. ಪಾಶ್ಚಾತ್ಯ ಮಾದರಿಯ ಕೈಗರಗಸ ತಳ್ಳುವಾಗ ಕೊಯ್ಯುತ್ತದೆ. ಬಾಗದಿರಲು ಅದರ ಅಲಗು ದಪ್ಪವಿರಲೇಬೇಕು. ರ್ಯೋಬಾ ಎಳೆಯುವಾಗ ಕೊಯ್ಯುವುದರಿಂದ ಅಲಗು ಬಿಗಿಯಾಗಿ ನಿಲ್ಲುತ್ತದೆ, ತೆಳ್ಳಗಿದ್ದರೂ ಗುರುತಿನ ಗೆರೆ ತಪ್ಪುವುದಿಲ್ಲ. ಪುಡಿಯಾಗಿ ಹೋಗುವ ಮರ ಕಡಿಮೆ. ತೇಗದ ಬೆಲೆ ತಿಳಿದವರಿಗೆ ಇದು ಸಣ್ಣ ಮಾತಲ್ಲ.

ಅಲಗಿನ ಎರಡೂ ಅಂಚಿಗೆ ಹಲ್ಲುಗಳಿವೆ: ಒಂದು ನಾರಿನ ಉದ್ದಕ್ಕೆ ಸೀಳಲು, ಇನ್ನೊಂದು ಅಡ್ಡಕ್ಕೆ ಕತ್ತರಿಸಲು. ಅಡ್ಡಕೊಯ್ತದ ಮುಖ ಎಷ್ಟು ನಯವೆಂದರೆ, ಎಷ್ಟೋ ಸಲ ಉಳಿ ಹಿಡಿಯುವ ಅಗತ್ಯವೇ ಬರುವುದಿಲ್ಲ. ಆ ಮುಖದ ಮೇಲೆ ಬೆರಳಾಡಿಸುವುದೇ ನನಗೆ ದೊಡ್ಡ ಖುಷಿ.

ಕೊರತೆಯೂ ಇದೆ. ನನ್ನದರ ಹಲ್ಲಿನ ತುದಿಗಳು ವಿಶೇಷವಾಗಿ ಗಡುಸುಗೊಳಿಸಿದವು. ಅರದಿಂದ ಸಾಣೆ ಹಿಡಿಯಲಾಗದು, ಮೊಂಡಾದರೆ ಅಲಗನ್ನೇ ಬದಲಿಸಬೇಕು. ಗಂಟಿರುವ ಗಟ್ಟಿ ಮರದಲ್ಲಿ ಒತ್ತಿ ಎಳೆದರೆ ಹಲ್ಲು ಮುರಿಯುತ್ತದೆ. ಹಳೆಯ ಮರವಾದರೆ ಮೊಳೆ ಉಳಿದಿದೆಯೇ ಎಂದು ಮೊದಲೇ ನೋಡಿ. ಹಲಸು, ತೇಗಕ್ಕೆ ಧಾರಾಳವಾಗಿ ಬಳಸಬಹುದು. ಕೊಳ್ಳುವಾಗ ಬಿಡಿ ಅಲಗು ಸಿಗುವ ಮಾದರಿಯನ್ನೇ ಆರಿಸಿ.