ಮಡಚುವ ಗಾಳದ ಕೋಲು, ರೀಲು ಮತ್ತು ಏಡಿ ಬಲೆ: ನಾಲ್ಕು ವರ್ಷಗಳ ಬಳಕೆಯ ನಂತರ

ಗಾಳದ ದಾರ ಸುತ್ತುವ ರೀಲಿನೊಳಗೆ ತುಕ್ಕು ಹುಟ್ಟಿದ್ದು ಬೆಂಗಳೂರಿನ ವಿಜಯನಗರದ ನಮ್ಮ ಮನೆಯ ಅಲಮಾರಿನಲ್ಲಿ. ದೀಪಾವಳಿ ರಜೆಯಲ್ಲಿ ಕುಂದಾಪುರದ ಕೋಡಿಯ ಕಡಲ ದಂಡೆಯಲ್ಲಿ ಎರಡು ದಿನ ಬಳಸಿದ್ದೆ. ಒಣ ಬಟ್ಟೆಯಿಂದ ಒರೆಸಿ, ಚೀಲಕ್ಕೆ ಹಾಕಿ ಮೇಲಿನ ಅರೆಯಲ್ಲಿ ಇಟ್ಟೆ. ಸಂಕ್ರಾಂತಿಗೆ ಹೊರಡುವ ಹಿಂದಿನ ರಾತ್ರಿ ತೆಗೆದು ನೋಡಿದರೆ ಹಿಡಿ ತಿರುಗಲೇ ಇಲ್ಲ. ಅಂಟಿದ್ದ ಉಪ್ಪು ಎರಡೂವರೆ ತಿಂಗಳು ತನ್ನ ಕೆಲಸ ಮಾಡಿತ್ತು.

ವರ್ಷಕ್ಕೆ ಐದಾರು ಬಾರಿ ಮಾತ್ರ ಕಡಲ ದಂಡೆಗೆ ಹೋಗಿ ಉಳಿದ ದಿನವೆಲ್ಲ ಸಾಮಾನನ್ನು ಬೆಂಗಳೂರಿನಲ್ಲಿ ಇಡುವ ನನ್ನಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಊರಿನಲ್ಲೇ ಇರುವವರು ದಿನವೂ ಬಳಸುತ್ತಾರೆ, ಬಾವಿಯ ಬಳಿಯೇ ತೊಳೆದಿಡುತ್ತಾರೆ. ನಾವು ನೋಡಬೇಕಾದದ್ದು ಎರಡು ಸಂಗತಿ: ರೈಲಿನಲ್ಲಿ ಹೇಗೆ ಒಯ್ಯುವುದು, ಮನೆಯಲ್ಲಿ ಹೇಗೆ ಕಾಪಾಡುವುದು.

ನಾನು ಕೊಂಡದ್ದು 2.7 ಮೀಟರ್ ಉದ್ದದ, ಒಂದರೊಳಗೊಂದು ಸೇರುವ ಫೈಬರ್ ಗ್ಲಾಸ್ ಕೋಲು, 4000 ಅಳತೆಯ (ಮಧ್ಯಮ ಗಾತ್ರದ) ರೀಲು. ನಗರದ ಪೇಟೆಯ ಅಂಗಡಿಯೊಂದರಲ್ಲಿ ಕೋಲಿಗೆ 1,400 ರೂಪಾಯಿ, ರೀಲಿಗೆ 1,900 ಕೊಟ್ಟೆ. ಏಡಿ ಬಲೆಯನ್ನು ಮಾತ್ರ ಊರಿನಲ್ಲೇ 250 ರೂಪಾಯಿಗೆ ತೆಗೆದುಕೊಂಡೆ.

ಮಡಚಿದಾಗ ಕೋಲು ಮುಕ್ಕಾಲು ಮೀಟರಿಗಿಂತ ಚಿಕ್ಕದಾಗುತ್ತದೆ. ಮೊದಲಿದ್ದ ಎರಡು ತುಂಡಿನ ಕೋಲು ಪಂಚಗಂಗಾ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತಿನಲ್ಲಿ ಅಡ್ಡವಾಗಿ ಮಲಗಿ ನನ್ನ ನಿದ್ದೆ ಕೆಡಿಸುತ್ತಿತ್ತು. ಈ ಒಂದೇ ಕಾರಣಕ್ಕೆ ಮಡಚುವ ಕೋಲನ್ನೇ ಮತ್ತೆ ಕೊಳ್ಳುತ್ತೇನೆ. ಆದರೆ ಮರಳು ಇದರ ಶತ್ರು. ಗಂಟುಗಳ ನಡುವೆ ನಾಲ್ಕು ಕಣ ಸೇರಿದರೂ ಕೋಲು ಕಚ್ಚಿಕೊಳ್ಳುತ್ತದೆ. ಬಿಚ್ಚುವಾಗ ತುದಿಯಿಂದ ಶುರು ಮಾಡಿ, ಮಡಚುವಾಗ ದಪ್ಪ ಭಾಗವನ್ನು ಮೊದಲು ಒಳಗೆ ಸೇರಿಸಿ. ಪ್ರತಿ ತುಂಡನ್ನೂ ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆಯೇ. ಬಲವಾಗಿ ತಿರುಚಿ ಬಿಗಿ ಮಾಡಲೇಬೇಡಿ.

ಎರಡನೆಯ ವರ್ಷ ಕೋಲಿನ ಒಂದು ತುಂಡು ಸೀಳಿತು. ತಪ್ಪು ನನ್ನದು. ಗಾಳ ಬಂಡೆಗೆ ಸಿಕ್ಕಿಕೊಂಡಾಗ ಕೋಲನ್ನೇ ಬಾಗಿಸಿ ಎಳೆದೆ. ಕೋಲನ್ನು ದಾರದ ನೇರಕ್ಕೆ ಹಿಡಿದು, ಕೈಗೆ ಬಟ್ಟೆ ಸುತ್ತಿಕೊಂಡು ದಾರವನ್ನೇ ಎಳೆಯಬೇಕಿತ್ತು. ಆ ತುಂಡು ಬೇರೆಯಾಗಿ ಸಿಗುವುದಿಲ್ಲ, ಹೊಸ ಕೋಲನ್ನೇ ಕೊಳ್ಳಿ ಎಂದು ಅಂಗಡಿಯವರು ಹೇಳಿದ್ದು ಮಾತ್ರ ಇಂದಿಗೂ ಬೇಸರ ತರುತ್ತದೆ. ಸೀಳಿದ ಜಾಗಕ್ಕೆ ದಾರ ಸುತ್ತಿ ಎಪಾಕ್ಸಿ ಅಂಟು ಹಚ್ಚಿದ್ದೇನೆ, ಎರಡು ವರ್ಷದಿಂದ ತಡೆದುಕೊಂಡಿದೆ.

ರೀಲಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹಣವನ್ನು ಉಳಿಸಬಾರದ ಜಾಗ ಇದೇ. ತುಕ್ಕು ಹಿಡಿದ ರೀಲನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ಹಾಕಿದೆ. ತಿರುಗಿತು, ಆದರೆ ಮೊದಲಿನ ನಯ ಬರಲಿಲ್ಲ. ಈಗ ಊರಿನಿಂದ ಬಂದ ದಿನವೇ ತೊಳೆಯುತ್ತೇನೆ. ಡ್ರ್ಯಾಗ್ ತಿರುಪನ್ನು (ಮೀನು ಎಳೆದಾಗ ದಾರ ಎಷ್ಟು ಬಿಗಿಯಾಗಿ ಬಿಚ್ಚಿಕೊಳ್ಳಬೇಕೆಂದು ಹೊಂದಿಸುವ ತಿರುಪು) ಬಿಗಿ ಮಾಡಿ, ನಲ್ಲಿಯ ನೀರನ್ನು ಮೆಲ್ಲಗೆ ಸುರಿಯಬೇಕು. ರಭಸದ ನೀರು ಉಪ್ಪನ್ನು ಒಳಕ್ಕೇ ತಳ್ಳುತ್ತದೆ. ನಮ್ಮಲ್ಲಿ ಬೋರ್‌ವೆಲ್ ನೀರು ಬಿಳಿ ಕಲೆ ಉಳಿಸುವುದರಿಂದ ಕಾವೇರಿ ನೀರನ್ನೇ ಒಂದು ಬಕೆಟ್ ಹಿಡಿದಿಟ್ಟಿರುತ್ತೇನೆ. ಎರಡು ದಿನ ನೆರಳಿನಲ್ಲಿ ಒಣಗಿಸಿ, ದಾರ ಹಾದುಹೋಗುವ ಉರುಳೆಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು, ತಿರುಪನ್ನು ಪೂರ್ತಿ ಸಡಿಲಿಸಿ ಇಡುತ್ತೇನೆ. ಆಮೇಲೆ ಹೊಸದಾಗಿ ತುಕ್ಕು ಕಂಡಿಲ್ಲ.

ದಾರ 0.35 ಮಿಲಿಮೀಟರಿನ ಸಾದಾ ನೈಲಾನ್. ಹೆಣೆದ ದಾರ ಬಲವಾದದ್ದೇ, ಆದರೆ ಬಂಡೆಯ ಮೇಲಿನ ಚಿಪ್ಪಿಗೆ ಉಜ್ಜಿದರೆ ಬೇಗ ಕಡಿದುಹೋಗುತ್ತದೆ. ಥಳಥಳಿಸುವ ಪ್ಲಾಸ್ಟಿಕ್ ಮೀನುಗಳಿಗೆ ಹಣ ಹಾಕಬೇಡಿ. ಮರಳು ದಂಡೆಯಲ್ಲಿ ನನಗೆ ಸಿಗುವುದು ಹೆಚ್ಚಾಗಿ ಕಾಣೆ; ಅದರ ಬಾಯಿ ಚಿಕ್ಕದು, ಸಣ್ಣ ಗಾಳಕ್ಕೆ ಸಿಗಡಿಯ ಬೆರಳುಗುರಿನಷ್ಟು ತುಂಡು ಸಾಕು. ಸಿಗಡಿಗೆ ಹಿಂದಿನ ರಾತ್ರಿ ಕಲ್ಲುಪ್ಪು ಬೆರೆಸಿಟ್ಟರೆ ಮಾಂಸ ಗಟ್ಟಿಯಾಗುತ್ತದೆ, ಬೀಸಿ ಎಸೆದಾಗ ಕಳಚಿಕೊಳ್ಳುವುದಿಲ್ಲ. ಎಸೆಯುವ ಅಭ್ಯಾಸವನ್ನು ಬೆಂಗಳೂರಿನಲ್ಲೇ ಮಾಡಬಹುದು: ಗಾಳ ಬಿಚ್ಚಿ, ಸೀಸದ ಗುಂಡು ಮಾತ್ರ ಕಟ್ಟಿ, ಜನರಿಲ್ಲದ ಮುಂಜಾನೆ ಮೈದಾನದಲ್ಲಿ.

ಅತ್ಯಂತ ಅಗ್ಗದ ವಸ್ತುವೇ ಎಲ್ಲಕ್ಕಿಂತ ಹೆಚ್ಚು ಸುಖ ಕೊಟ್ಟಿದೆ. ಏಡಿ ಬಲೆ ಎಂದರೆ ಒಂದು ಕಬ್ಬಿಣದ ಬಳೆ, ಅದಕ್ಕೆ ತಗ್ಗಾದ ಬಲೆ, ಮೇಲೆ ಹಗ್ಗ, ಅಷ್ಟೇ. ಐದು ನದಿಗಳು ಸೇರುವ ಗಂಗೊಳ್ಳಿ ಅಳಿವೆಯ ಒಳಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನಲ್ಲಿ, ಭರತ, ಅಂದರೆ ಕಡಲಿನ ಉಬ್ಬರ, ಏರುವ ಸಂಜೆ ಇದನ್ನು ಇಳಿಸುತ್ತೇವೆ. ಭರತದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಆದ್ದರಿಂದ ಟಿಕೆಟ್ ಮಾಡಿಸುವಾಗಲೇ ಪಂಚಾಂಗ ನೋಡಿಕೊಳ್ಳುತ್ತೇನೆ. ಎರೆಯಾಗಿ ಬಂಗುಡೆಯ ತಲೆ ಅಥವಾ ಕೋಳಿಯ ಕತ್ತು. ಮೃದುವಾದ ಎರೆಯನ್ನು ಏಡಿ ಹರಿದುಕೊಂಡು ಹೋಗಿಬಿಡುತ್ತದೆ, ಮೂಳೆ ಇದ್ದರೆ ಕುಳಿತು ತಿನ್ನುತ್ತದೆ.

ಈ ಬಲೆ ಏಡಿಯನ್ನು ಬಂಧಿಸುವುದಿಲ್ಲ. ಅದು ತಿನ್ನುತ್ತಿರುವಾಗ ಎತ್ತಬೇಕು. ಹತ್ತು ನಿಮಿಷ ಕಾದು, ಹಗ್ಗದ ಸಡಿಲವನ್ನು ಮೆಲ್ಲಗೆ ತೆಗೆದುಕೊಂಡು, ಆಮೇಲೆ ನಡುವೆ ನಿಲ್ಲಿಸದೆ ಎಳೆಯಬೇಕು. ಮೊದಲ ಸಲ ನಾನು ಅರ್ಧದಲ್ಲಿ ಕೈ ಬದಲಿಸಿದಾಗ ದೊಡ್ಡದೊಂದು ಏಡಿ ಬಳೆಯ ಅಂಚು ದಾಟಿ ನೀರಿಗೆ ಜಾರಿದ್ದನ್ನು ಕಂಡು ಮಾವ ಏನೂ ಹೇಳಲಿಲ್ಲ. ತಾವೇ ಹಗ್ಗ ಹಿಡಿದು ಒಮ್ಮೆ ಎಳೆದು ತೋರಿಸಿದರು. ಹೊಟ್ಟೆಯ ಮಡಿಕೆ ಅಗಲವಾಗಿದ್ದರೆ ಹೆಣ್ಣು. ಅದರಡಿ ಮೊಟ್ಟೆ ಕಂಡರೆ ಮರುಮಾತಿಲ್ಲದೆ ಬಿಟ್ಟುಬಿಡುತ್ತೇವೆ, ಸಣ್ಣವನ್ನೂ ಅಷ್ಟೇ. ಮಳೆಗಾಲದಲ್ಲಿ ನಾನು ಬಂಡೆಗಳ ಮೇಲೆ ಕಾಲಿಡುವುದೇ ಇಲ್ಲ.

ನಾಲ್ಕು ವರ್ಷಗಳಲ್ಲಿ ಈ ಬಲೆಗೆ ಬದಲಾಯಿಸಿದ್ದು ಹಗ್ಗವೊಂದನ್ನೇ. ಕಬ್ಬಿಣದ ಮೇಲೆ ತುಕ್ಕು ಇದೆ, ಅದರಿಂದ ಕೆಲಸಕ್ಕೆ ಏನೂ ತೊಂದರೆಯಿಲ್ಲ. ಕಾಲು ಕಟ್ಟಿದ ಕೆಸರೇಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದರೆ ರಾತ್ರಿಯ ಪ್ರಯಾಣ ಮುಗಿಸಿ ಬೆಳಿಗ್ಗೆ ಬೆಂಗಳೂರಿನಲ್ಲಿ ಜೀವಂತವಾಗಿರುತ್ತವೆ. ಕಳೆದ ಬಾರಿ ಆರು ತಂದಿದ್ದೆ. ಗೋಣಿ ಬಿಚ್ಚಿದಾಗ ಅಡುಗೆಮನೆಯಲ್ಲಿ ಅಳಿವೆಯ ಕೆಸರಿನ ವಾಸನೆ ಹರಡಿತು, ಅಮ್ಮ ಕೊತ್ತಂಬರಿ ಹುರಿಯಲು ಬಾಣಲೆ ಇಟ್ಟರು, ನಾನು ರೀಲನ್ನು ತೊಳೆಯಲು ಬಕೆಟ್ ಹಿಡಿದು ಬಾಲ್ಕನಿಗೆ ಹೋದೆ.