ಕೋಲಾರದ ಬೋರ್ ನೀರಿಗೆ ಇನ್‌ಸ್ಟಂಟ್ ಗೀಸರ್ ಸರಿಹೋಗುತ್ತಾ? ಹತ್ತು ತಿಂಗಳು ಬಳಸಿದ ಮೇಲೆ

ನಮ್ಮ ಹಳೇ 15 ಲೀಟರ್ ಗೀಸರ್ ಹೋದ ನವೆಂಬರ್‌ನಲ್ಲಿ ತೊಟ್ಟಿಕ್ಕೋಕೆ ಶುರುವಾಯಿತು. ಬಿಚ್ಚಿಸಿ ನೋಡಿದರೆ ಒಳಗಿನ ಟ್ಯಾಂಕೇ ತುಕ್ಕು ಹಿಡಿದು ತೂತಾಗಿತ್ತು. ಆರು ವರ್ಷದಲ್ಲಿ ಮೂರು ಸಲ ಎಲಿಮೆಂಟ್, ಅಂದರೆ ನೀರು ಕಾಯಿಸೋ ಕಾಯಿಲ್, ಬದಲಾಯಿಸಿದ್ದೆವು. ಇನ್ನು ರಿಪೇರಿ ಸಾಕು, ಈ ಸಲ ಟ್ಯಾಂಕೇ ಇಲ್ಲದ ಗೀಸರ್ ಹಾಕಿಸೋಣ ಅಂತ ಹುಡುಕೋಕೆ ಶುರು ಮಾಡಿದೆ. ಹದಿನೈದು ದಿನ ಅಂಗಡಿ ಅಂಗಡಿ ಅಲೆದು, ಎಲೆಕ್ಟ್ರಿಷಿಯನ್ ಹತ್ತಿರ ಕೂತು ಲೆಕ್ಕ ಹಾಕಿ, ಕೊನೆಗೆ 3 ಲೀಟರ್‌ನ ಇನ್‌ಸ್ಟಂಟ್ ಗೀಸರ್ ತಂದೆ. ಈಗ ಹತ್ತು ತಿಂಗಳಾಯಿತು. ಕೋಲಾರದ ಕಡೆಯವರು ಯಾರಾದರೂ ಇದೇ ಯೋಚನೆಯಲ್ಲಿದ್ದರೆ ನಾನು ಕಂಡದ್ದನ್ನು ಬರೆಯುತ್ತೇನೆ.

ಅಂಗಡಿಯಲ್ಲಿ ಎಲ್ಲರೂ ಮೊದಲು ಮಾತಾಡೋದು ಕರೆಂಟ್ ಬಿಲ್ಲಿನ ಬಗ್ಗೆ. ನಮ್ಮ ಜಿಲ್ಲೆಯಲ್ಲಿ ಮೊದಲು ನೋಡಬೇಕಾದ್ದು ನೀರು. ನಮ್ಮದು ಸಾವಿರ ಅಡಿ ದಾಟಿದ ಬೋರ್. ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕಳಿಸೋ ಕೆ.ಸಿ. ವ್ಯಾಲಿ ನೀರು 2018ರಿಂದ ಕೆರೆಗಳಿಗೆ ಬರ್ತಾ ಇದ್ದರೂ ನಮ್ಮ ಬೋರಿನ ನೀರು ಮಾತ್ರ ಹಾಗೇ ಇದೆ, ಸೋಪು ನೊರೆ ಬರಲ್ಲ, ಬಕೆಟ್ ಅಂಚಿಗೆಲ್ಲ ಬಿಳೀ ಪೊರೆ. ಪರೀಕ್ಷೆ ಮಾಡಿಸಿದಾಗ ಗಡಸುತನ ಲೀಟರಿಗೆ 500 ಮಿಲಿಗ್ರಾಂ ದಾಟಿತ್ತು. ಕುಡಿಯೋ ನೀರಿಗೆ ಬಿಐಎಸ್ (ಕೇಂದ್ರದ ಮಾನದಂಡ ಸಂಸ್ಥೆ) ಹೇಳೋ ಸಾಮಾನ್ಯ ಮಿತಿ 200. ಇಂಥ ನೀರು ಕಾದಾಗ ಅದರಲ್ಲಿರೋ ಸುಣ್ಣದ ಅಂಶ ಬಿಸಿಯಾದ ಜಾಗಕ್ಕೇ ಹೋಗಿ ಕೂರುತ್ತೆ. ಗೀಸರ್‌ನಲ್ಲಿ ಆ ಜಾಗ ಎಲಿಮೆಂಟ್.

ಇನ್ನೊಂದು ನೀರಿನ ಲೆಕ್ಕವೂ ಇದೆ. ಮನೆ ಮೇಲೆ ನಮ್ಮದು ಸೋಲಾರ್ ಇದೆ, ಬಿಸಿಲಿದ್ದರೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ. ಆದರೆ ಎರಡನೇ ಮಹಡಿ ಮೇಲಿಂದ ಕೆಳಗಿನ ಬಚ್ಚಲಿಗೆ ಒಂದು ಇಂಚಿನ ಪೈಪು ಐವತ್ತು ಅಡಿ ಬರುತ್ತೆ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಪೈಪಿನಲ್ಲಿ ನಿಂತಿದ್ದ ಏಳೆಂಟು ಲೀಟರ್ ತಣ್ಣೀರು ಮೊದಲು ಹೋಗಬೇಕು, ಆಮೇಲೆ ಬಿಸಿನೀರು. ಅರ್ಧ ಬಕೆಟ್! ಬೇಸಿಗೆಯಲ್ಲಿ ಟ್ಯಾಂಕರಿಗೆ ದುಡ್ಡು ಕೊಟ್ಟು ನೀರು ಹಾಕಿಸಿಕೊಳ್ಳೋ ಮನೆಯಲ್ಲಿ ಇದನ್ನು ನೋಡ್ತಾ ನಿಲ್ಲೋದು ಕಷ್ಟ. ನಮ್ಮಮ್ಮ ಅದನ್ನು ಬೇರೆ ಬಕೆಟಿಗೆ ಹಿಡಿದು ಗಿಡಕ್ಕೆ ಹಾಕ್ತಾರೆ, ಆದರೆ ಮಂಡಿನೋವಿಟ್ಟುಕೊಂಡು ದಿನಾ ಆ ಬಕೆಟ್ ಎತ್ತೋದು ನನಗೆ ಸರಿ ಕಾಣಲಿಲ್ಲ. ಬಚ್ಚಲಲ್ಲೇ, ನಲ್ಲಿ ಪಕ್ಕದಲ್ಲೇ ನೀರು ಕಾಯಬೇಕು ಅಂತ ನಾನು ಹಟ ಹಿಡಿದದ್ದು ಇದಕ್ಕೇ.

ಹುಡುಕೋಕೆ ಹೋದಾಗ ಮೊದಲು ಗೊತ್ತಾಗಿದ್ದು, ಇಲ್ಲಿ ಇನ್‌ಸ್ಟಂಟ್ ಅಂತ ಮಾರೋದರಲ್ಲಿ ಹೆಚ್ಚಿನವು ಪೂರ್ತಿ ಟ್ಯಾಂಕ್‌ಲೆಸ್ ಅಲ್ಲ. ಒಳಗೆ 1 ಅಥವಾ 3 ಲೀಟರಿನ ಪುಟ್ಟ ಟ್ಯಾಂಕ್, 3 ಕಿಲೋವ್ಯಾಟ್ ಎಲಿಮೆಂಟ್. ನಿಜವಾದ ಟ್ಯಾಂಕ್‌ಲೆಸ್ ಬೇರೆ, ಅದರಲ್ಲಿ ನೀರು ಹರೀತಾನೇ ಕಾಯಬೇಕು. ಶವರ್‌ಗೆ ಸಾಕಾಗೋ ಹಾಗೆ ಕಾಯಬೇಕಾದರೆ 8–9 ಕಿಲೋವ್ಯಾಟ್ ಬೇಕು, ಅಂದರೆ ಹತ್ತಿರ ಹತ್ತಿರ 40 ಆಂಪ್ಸ್. ನಮ್ಮ ಮನೆಗೆ ಮಂಜೂರಾಗಿರೋ ಲೋಡೇ 3 ಕಿಲೋವ್ಯಾಟ್. ಬೆಸ್ಕಾಂನಲ್ಲಿ ಲೋಡ್ ಜಾಸ್ತಿ ಮಾಡಿಸಿ, ತ್ರೀ ಫೇಸ್ ತೆಗೆದುಕೊಂಡು, ಹೊಸ ವೈರ್ ಎಳೆಸಿ… ಒಂದು ಬಚ್ಚಲಿಗಾಗಿ ಇಷ್ಟೆಲ್ಲಾ ಬೇಡ ಅನ್ನಿಸಿತು. ಮತ್ತೆ ಅವುಗಳಲ್ಲಿ ನೀರಿನ ರಭಸ ನೋಡಿ ಆನ್ ಆಗೋ ಫ್ಲೋ ಸ್ವಿಚ್ ಇರುತ್ತೆ. ಮನೆ ಮೇಲಿನ ನೀರಿನ ಟ್ಯಾಂಕಿನ ಕೆಳಗೇ ಇರೋ ಮೇಲಿನ ಮಹಡಿ ಬಚ್ಚಲಲ್ಲಿ ಅದು ಆನ್ ಆಗದೇ ಹೋಗಬಹುದು. ಹತ್ತು ಮೀಟರ್ ಎತ್ತರಕ್ಕೆ ಸಿಗೋದೇ ಒಂದು ಬಾರ್ ಒತ್ತಡ, ನಮ್ಮ ಸಿಂಟೆಕ್ಸ್ ಮೇಲಿನ ಬಚ್ಚಲಿಗಿಂತ ಎರಡೇ ಮೀಟರ್ ಮೇಲಿದೆ.

ಗ್ಯಾಸ್ ಗೀಸರ್ ಹಾಕಿಸಿ, ಅದೇ ಅಗ್ಗ ಅಂತ ಪಕ್ಕದ ಮನೆಯವರು ಹೇಳಿದರು. ನೀರು ಚೆನ್ನಾಗಿ ಬರುತ್ತೆ, ಕರೆಂಟ್ ಹೋದರೂ ಚಿಂತೆ ಇಲ್ಲ, ನಿಜ. ಆದರೆ ನಮ್ಮ ಬಚ್ಚಲಿಗೆ ಇರೋದು ಒಂದೇ ಒಂದು ಪುಟ್ಟ ವೆಂಟಿಲೇಟರ್. ಮುಚ್ಚಿದ ಜಾಗದಲ್ಲಿ ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಸಿಲಿಂಡರ್ ಗ್ಯಾಸ್ ಸೋರಿದರೆ ವಾಸನೆಯಲ್ಲಾದರೂ ಗೊತ್ತಾಗುತ್ತೆ, ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಸತ್ತ ಸುದ್ದಿ ನಮ್ಮ ರಾಜ್ಯದಲ್ಲಿ ಎಷ್ಟು ಸಲ ಓದಿಲ್ಲ? ಗ್ಯಾಸ್‌ದೇ ಬೇಕು ಅಂದರೆ ಗೀಸರನ್ನು ಹೊರಗೆ, ಗಾಳಿ ಆಡೋ ಕಡೆ ಹಾಕಿಸಿ, ಪೈಪು ಮಾತ್ರ ಒಳಗೆ ತನ್ನಿ. ಬಚ್ಚಲೊಳಗೆ ಮಾತ್ರ ದಯವಿಟ್ಟು ಬೇಡ.

ಹೀಗೆ ಉಳಿದದ್ದು 3 ಲೀಟರ್, 3 ಕಿಲೋವ್ಯಾಟ್‌ದು. 3,400 ರೂಪಾಯಿ ಆಯಿತು. ಅದರ ಜೊತೆಗೆ ಎಲೆಕ್ಟ್ರಿಷಿಯನ್ ಒಂದು ಮಾತು ಹೇಳಿದರು, ಅದನ್ನು ಕೇಳಿದ್ದು ಒಳ್ಳೇದಾಯಿತು. "ಸಾರ್, ಗೀಸರ್ ಯಾವುದಾದ್ರೂ ತಗೊಳ್ಳಿ, ವೈರಿಗೆ ಮಾತ್ರ ಕಾಸು ನೋಡಬೇಡಿ" ಅಂದರು. 3 ಕಿಲೋವ್ಯಾಟ್ ಅಂದರೆ 13 ಆಂಪ್ಸ್. ಹಳೇ ಸಾಕೆಟ್‌ನ ಹಿಂದೆ ವೈರಿನ ತುದಿ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಅದನ್ನು ತೆಗೆಸಿ ಮೀಟರ್ ಬೋರ್ಡಿನಿಂದ ನೇರ 4 ಎಂಎಂ ವೈರ್, ಅದಕ್ಕೇ ಅಂತ ಒಂದು ಎಂಸಿಬಿ (ಲೋಡ್ ಮೀರಿದರೆ ತಾನೇ ಬೀಳೋ ಸ್ವಿಚ್), ಒಂದು ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕತ್ತರಿಸೋ ಸ್ವಿಚ್) ಹಾಕಿಸಿದೆ. ಅರ್ಥಿಂಗ್ ಗುಂಡಿಗೂ ಉಪ್ಪು, ಇದ್ದಿಲು ಹೊಸದಾಗಿ ಹಾಕಿಸಿದೆವು.

ಈಗ ಬಳಕೆ ಹೇಗಿದೆ ಅಂತ ಹೇಳ್ತೀನಿ. ಬಕೆಟ್ ಸ್ನಾನದ ಮನೆಗೆ ಇದು ಚೆನ್ನಾಗಿದೆ. ಸ್ವಿಚ್ ಹಾಕಿ ಎರಡು ಮೂರು ನಿಮಿಷಕ್ಕೆ ನಲ್ಲಿ ತೆಗೆಯಬಹುದು. ಡಿಸೆಂಬರ್‌ನಲ್ಲಿ ಗಡಿಯಾರ ಇಟ್ಟು ನೋಡಿದೆ, 18 ಲೀಟರ್ ಬಕೆಟ್ ಹದವಾದ ಬಿಸಿಯಲ್ಲಿ ತುಂಬೋಕೆ ಒಂಬತ್ತು ನಿಮಿಷ. ನಲ್ಲಿಯಲ್ಲಿ ನೀರು ಸಣ್ಣಗೆ, ಬೆರಳು ಗಾತ್ರ ಮಾತ್ರ ಬರಬೇಕು. ಜೋರಾಗಿ ಬಿಟ್ಟರೆ ಬರೀ ಉಗುರುಬೆಚ್ಚಗೆ ಬರುತ್ತೆ. ಶವರ್ ಬೇಕು ಅನ್ನೋರಿಗೆ ಇದು ಆಗಲ್ಲ, ಚಳಿಗಾಲದಲ್ಲಂತೂ ಇಲ್ಲವೇ ಇಲ್ಲ. ಒಂದು ಎಚ್ಚರ: ಮೊದಲ ಒಂದೆರಡು ಚೊಂಬು ನೀರು ಸುಡೋ ಹಾಗಿರುತ್ತೆ, ಆಮೇಲೆ ಹದಕ್ಕೆ ಬರುತ್ತೆ. ಮಕ್ಕಳಿರೋ ಮನೆಯಲ್ಲಿ ಮೊದಲು ಬಕೆಟಿಗೆ ಬಿಟ್ಟು, ಕೈಯಾಡಿಸಿ ನೋಡಿ, ಆಮೇಲೆ ಮೈಮೇಲೆ ಹಾಕಿ.

ಕರೆಂಟ್ ಅರ್ಧಕ್ಕರ್ಧ ಉಳಿಯುತ್ತೆ ಅಂತ ಅಂಗಡಿಯಲ್ಲಿ ಹೇಳಿದ್ದರು. ಅದು ಸರಿಯಲ್ಲ. ಅಷ್ಟೇ ನೀರು ಅಷ್ಟೇ ಬಿಸಿ ಮಾಡೋಕೆ ಯಾವ ಗೀಸರ್ ಆದರೂ ಅಷ್ಟೇ ಕರೆಂಟ್ ಬೇಕು. ಒಂದು ಬಕೆಟಿಗೆ ಸುಮಾರು 0.4 ಯೂನಿಟ್. ಉಳಿಯೋದು ಹಳೇ ಗೀಸರ್ ಸುಮ್ನೆ ಕಾದ ನೀರಿಟ್ಟುಕೊಂಡು ಆರಿಸುತ್ತಿದ್ದದ್ದು ಮಾತ್ರ. ಐದು ಜನ ದಿನಾ ಇದರಲ್ಲೇ ಸ್ನಾನ ಮಾಡಿದರೆ ತಿಂಗಳಿಗೆ 60 ಯೂನಿಟ್ ಮೇಲಾಯಿತು. ಗೃಹಜ್ಯೋತಿಯ ಉಚಿತ ಕರೆಂಟ್ ನಮಗೆ ಸಿಗೋದು 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ, ಅದು 94 ಯೂನಿಟ್. ದಾಟಿದ್ದಕ್ಕೆ ನಾವೇ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ಅದಕ್ಕೇ ನಾವು ಸೋಲಾರ್ ತೆಗೆಸಲಿಲ್ಲ. ಸಾಯಂಕಾಲದ ಸ್ನಾನ, ಬಟ್ಟೆ, ಪಾತ್ರೆಗೆ ಸೋಲಾರ್. ಬೆಳಿಗ್ಗೆ ಐದೂವರೆಗೆ ಅಮ್ಮನ ಸ್ನಾನಕ್ಕೆ, ಮತ್ತೆ ಸೈಕ್ಲೋನ್ ಮೋಡ ಹಿಡಿದು ಮೂರು ಮೂರು ದಿನ ಬಿಸಿಲೇ ಕಾಣದಿದ್ದಾಗ ಎಲ್ಲರಿಗೂ ಈ ಗೀಸರ್.

ಕೊನೆಗೆ ಮತ್ತೆ ಆ ಸುಣ್ಣದ ವಿಷಯ. ಮಾರ್ಚ್‌ನಲ್ಲಿ ಬಕೆಟ್ ತುಂಬೋಕೆ ಜಾಸ್ತಿ ಹೊತ್ತು ಹಿಡಿಯಿತು, ಒಳಗಿಂದ ಕೊತಕೊತ ಅಂತ ಸದ್ದು ಬೇರೆ. ಬಿಚ್ಚಿಸಿದರೆ ಎಲಿಮೆಂಟ್ ಕಾಣಿಸ್ತಾನೇ ಇಲ್ಲ! ಬೆರಳು ದಪ್ಪದ ಬಿಳೀ ಚಕ್ಕೆ ಸುತ್ತ ಕಚ್ಚಿಕೊಂಡಿತ್ತು. ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಮೊಟ್ಟೆ ಸಿಪ್ಪೆ ಹಾಗೆ ಪದರ ಪದರವಾಗಿ ಉದುರಿತು. ಉಳಿದದ್ದನ್ನು ಬಿಸಿನೀರಲ್ಲಿ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕಲಸಿ ಒಂದು ಗಂಟೆ ನೆನೆಸಿಟ್ಟು ತೊಳೆದರು. ನಾಲ್ಕೇ ತಿಂಗಳಿಗೆ ಇಷ್ಟು. ಟ್ಯಾಂಕ್ ಚಿಕ್ಕದಾದರೆ ಕಟ್ಟಿಕೊಳ್ಳೋದೂ ಬೇಗ, ಅದರಲ್ಲಿ ಸಂಶಯ ಇಲ್ಲ. ಸರ್ವಿಸ್‌ನವರಿಗೆ ಫೋನ್ ಮಾಡಿದಾಗ ಗಡಸು ನೀರಿನಿಂದ ಆದದ್ದಕ್ಕೆ ವಾರಂಟಿ ಬರಲ್ಲ ಅಂದುಬಿಟ್ಟರು. ಕಾರ್ಡಿನಲ್ಲಿ ಸಣ್ಣಕ್ಷರದಲ್ಲಿ ಅದು ಇತ್ತು, ಕೊಳ್ಳೋ ಮುಂಚೆ ಅಂಗಡಿಯವರು ಒಂದು ಮಾತು ಹೇಳಬಹುದಿತ್ತು ಅಲ್ವಾ? ನೀವು ಕೊಳ್ಳುವಾಗ ಕಾರ್ಡ್ ತೆಗೆಸಿ ಆ ಸಾಲನ್ನೇ ಹುಡುಕಿ ಓದಿ. ಜೊತೆಗೆ ಎಲಿಮೆಂಟ್ ಬಿಚ್ಚೋಕೆ ಸುಲಭ ಇದೆಯಾ, ಬಿಡಿಯಾಗಿ ನಮ್ಮ ಊರಲ್ಲೇ ಸಿಗುತ್ತಾ ಅಂತಲೂ ಕೇಳಿ. ನನ್ನ ಪ್ರಕಾರ ಸ್ಟಾರು, ಬಣ್ಣ, ಡಿಸ್‌ಪ್ಲೇಗಿಂತ ಇದು ಮುಖ್ಯ.

ಜುಲೈನಲ್ಲಿ ನಾನೇ ಬಿಚ್ಚಿ ತೊಳೆದೆ. ಎಂಸಿಬಿ ಆಫ್ ಮಾಡಿ, ನೀರು ಖಾಲಿ ಮಾಡಿ, ಒಂದೂವರೆ ಗಂಟೆ ಕೆಲಸ. ಮುಂದಿನ ಸಲ ದೀಪಾವಳಿಗೆ ಮುಂಚೆ, ನೀರು ತುಂಬೋ ಹಬ್ಬದ ದಿನವೇ ಅಂತ ಅಮ್ಮ ಗೊತ್ತು ಮಾಡಿದ್ದಾರೆ. ಮೊದಲು ಆವತ್ತು ತಾಮ್ರದ ಹಂಡೆ ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು ನೀರು ತುಂಬುತ್ತಿದ್ದರು. ಹಂಡೆ ಈಗಲೂ ಅಟ್ಟದ ಮೇಲಿದೆ. "ಅದನ್ನೂ ಇಳಿಸಿ ತೊಳೆಯೋ" ಅಂದಿದ್ದಾರೆ, ಎರಡೂ ಒಂದೇ ದಿನ ತೊಳೀತೀನಿ.