ಗಡಸು ನೀರಿನ ಊರಿಗೆ ಯಾವ ಸೋಲಾರ್? ತಾಮ್ರದ ತಟ್ಟೆ, ಗಾಜಿನ ಟ್ಯೂಬ್

ಚಿಂತಾಮಣಿಯ ನಮ್ಮ ಮನೆಯ ತಾರಸಿಯ ಮೇಲೆ ಎರಡು ಬಗೆಯ ಸೋಲಾರ್ ವಾಟರ್ ಹೀಟರ್ ಬಳಸಿ ನೋಡಿದ್ದೇನೆ. ಮೊದಲ ಏಳು ವರ್ಷ ತಾಮ್ರದ ತಟ್ಟೆಯದು, ಈಗ ಐದು ವರ್ಷದಿಂದ ಗಾಜಿನ ಟ್ಯೂಬಿನದು. ಎರಡೂ 200 ಲೀಟರಿನವು. ಅದಕ್ಕೂ ಮುಂಚೆ ಬಚ್ಚಲಿನ ಹಂಡೆಯಡಿ ನೀಲಗಿರಿ ಸೌದೆ ಉರಿಯುತ್ತಿತ್ತು. ಆ ಹೊಗೆಯಲ್ಲಿ ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನೆನೆದರೆ ಎರಡಕ್ಕೂ ಕೈಮುಗಿಯಬೇಕೆನಿಸುತ್ತದೆ.

ತಾಮ್ರದ್ದು ಸರಳ. ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಕಪ್ಪು ಲೇಪನದ ತಾಮ್ರದ ಹಾಳೆ, ಅದಕ್ಕೆ ಬೆಸೆದ ಸಣ್ಣ ಕೊಳವೆಗಳು. ಬಿಸಿಲಿಗೆ ಕಾದ ನೀರು ಹಗುರಾಗಿ ತಾನೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಮೋಟಾರ್ ಬೇಡ, ಕರೆಂಟ್ ಬೇಡ. ಮೂರು ವರ್ಷ ನಾವು ಅದರ ಕಡೆ ತಲೆಯೆತ್ತಿ ನೋಡಲೂ ಇಲ್ಲ. ನಾಲ್ಕನೆಯ ವರ್ಷದಿಂದ ಉಗುರುಬೆಚ್ಚಗಿನ ನೀರು. ಬಿಚ್ಚಿಸಿದಾಗ ಕೊಳವೆಯೊಳಗೆ ಸುಣ್ಣ ಕಟ್ಟಿ ಪೆನ್ಸಿಲ್ ತೂರುವಷ್ಟೂ ಜಾಗ ಉಳಿದಿರಲಿಲ್ಲ. ನಮ್ಮ ಕೊಳವೆ ಬಾವಿ 1,200 ಅಡಿ ಆಳದ್ದು. ನೀರು ಪರೀಕ್ಷಿಸಿದರೆ ಗಡಸುತನ ಲೀಟರಿಗೆ 580 ಮಿಲಿಗ್ರಾಂ ಬಂತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅಪೇಕ್ಷಿತ ಮಿತಿ 200. ಇಂಥ ನೀರು ಕಾದಂತೆಲ್ಲ ಸುಣ್ಣ ಬೇರ್ಪಟ್ಟು ಕೊಳವೆಗೆ ಅಂಟುತ್ತದೆ. ಎರಡು ಸಲ ಆಸಿಡ್ ಹಾಕಿ ತೊಳೆಸಿದೆವು. ಎರಡನೆಯ ಸಲ ಬೆಸುಗೆಯೇ ಸೋರತೊಡಗಿತು.

ಗಾಜಿನ ಟ್ಯೂಬ್ ಫ್ಲಾಸ್ಕಿನ ಜಾತಿಯದು. ಎರಡು ಪದರದ ಗಾಜು, ನಡುವೆ ನಿರ್ವಾತ, ಒಳಪದರಕ್ಕೆ ಬಿಸಿಲು ಹೀರುವ ಲೇಪನ. ಒಳಹೊಕ್ಕ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ. ಧನುರ್ಮಾಸದ ಮಂಜಿನಲ್ಲಿ, ತಾಮ್ರದ್ದು ಕೈಕೊಡುತ್ತಿದ್ದ ಮುಂಜಾನೆಗಳಲ್ಲಿ, ಇದು ಸ್ನಾನಕ್ಕೆ ಸಾಕಾಗುವ ನೀರು ಕೊಟ್ಟಿದೆ. ಸುಣ್ಣ ಇಲ್ಲಿಯೂ ಬರುತ್ತದೆ, ಆದರೆ ಟ್ಯೂಬ್ ಅಗಲವಾದ್ದರಿಂದ ಕಟ್ಟಿಕೊಳ್ಳುವುದಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿ, ತಳದ ಪುಡಿ ಕೊಡವಿ, ವಾಷರ್ ಬದಲಿಸಿದರಾಯಿತು. ಏಪ್ರಿಲ್‌ನಲ್ಲಿ ಮಾತ್ರ ನೀರು ಕುದಿಯುವ ಹತ್ತಿರಕ್ಕೆ ಹೋಗುತ್ತದೆ, ಮಕ್ಕಳಿರುವ ಮನೆಯವರು ಎಚ್ಚರದಿಂದಿರಬೇಕು. ಇನ್ನೊಂದು ಪಾಠ ದುಬಾರಿಯಾಯಿತು. ಕರೆಂಟ್ ಇಲ್ಲದೆ ಟ್ಯಾಂಕ್ ಬರಿದಾಗಿತ್ತು. ನಡುಮಧ್ಯಾಹ್ನ ಕರೆಂಟ್ ಬಂದೊಡನೆ ಮೋಟಾರ್ ಹಾಕಿದೆ. ಕಾದ ಖಾಲಿ ಗಾಜಿಗೆ ತಣ್ಣೀರು ಬಿದ್ದು ಮೂರು ಟ್ಯೂಬ್ ಒಡೆದವು. ಈಗ ಬರಿದಾದ ಟ್ಯಾಂಕನ್ನು ಹೊತ್ತು ಮುಳುಗಿದ ಮೇಲೆಯೇ ತುಂಬಿಸುತ್ತೇನೆ.

ಪ್ಯಾನೆಲ್ ಹಾಕಿಸಿ ಗೀಸರ್ ಓಡಿಸಿ ಎಂದವರೂ ಇದ್ದರು. ಲೆಕ್ಕ ಹಾಕಿದೆ: 200 ಲೀಟರ್ ನೀರನ್ನು 30 ಡಿಗ್ರಿ ಹೆಚ್ಚು ಬಿಸಿ ಮಾಡಲು ಸುಮಾರು 7 ಯೂನಿಟ್ ಬೇಕು. ಪ್ಯಾನೆಲ್ ತನ್ನ ಮೇಲೆ ಬಿದ್ದ ಬಿಸಿಲಿನ ಐದನೇ ಒಂದು ಪಾಲನ್ನಷ್ಟೇ ವಿದ್ಯುತ್ ಮಾಡುತ್ತದೆ. ನೀರು ಕಾಯಿಸುವ ಸೋಲಾರ್ ಅರ್ಧದಷ್ಟು ಹಿಡಿಯುತ್ತದೆ. ಬಿಸಿನೀರಿಗಾಗಿ ಅಷ್ಟು ತಾರಸಿಯನ್ನು ಪ್ಯಾನೆಲ್‌ಗೆ ಕೊಡುವುದು ನನಗೆ ಸರಿಕಾಣಲಿಲ್ಲ. ದೀಪ, ಫ್ಯಾನ್, ಫ್ರಿಜ್‌ಗೆ ಪ್ಯಾನೆಲ್ ಯೋಗ್ಯ.

ನಮ್ಮ ದೇಶದ ವಿದ್ಯುತ್ ಹೆಚ್ಚಾಗಿ ಕಲ್ಲಿದ್ದಲಿನದು, ಯೂನಿಟ್ ಒಂದಕ್ಕೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಬಿಸಿಲು ಚೆನ್ನಾಗಿದ್ದ ದಿನ ನಮ್ಮ ತಾರಸಿ ಅದನ್ನು ಐದು ಕಿಲೋದಷ್ಟು ತಪ್ಪಿಸುತ್ತದೆ. ಇದರಲ್ಲಿ ನನಗೆ ನಿಜವಾದ ಹೆಮ್ಮೆಯಿದೆ. ಆದರೆ ಕಸದ ಲೆಕ್ಕದಲ್ಲಿ ತಾಮ್ರವೇ ಮೇಲು. ಹಳೆಯ ತಟ್ಟೆಯನ್ನು ಗುಜರಿಯವನು ಒಳ್ಳೆಯ ಬೆಲೆಗೆ ಒಯ್ದ, ಆ ತಾಮ್ರ ಮತ್ತೆ ಕರಗಿ ಬಳಕೆಗೆ ಬರುತ್ತದೆ. ಒಡೆದ ಟ್ಯೂಬನ್ನು ಅವನು ಮುಟ್ಟಲಿಲ್ಲ. ಅದು ಬೋರೋಸಿಲಿಕೇಟ್ ಗಾಜು, ಬಾಟಲಿಯ ಗಾಜಿನ ಜೊತೆ ಕರಗಿಸಲು ಬರುವುದಿಲ್ಲ. ಆ ಮೂರೂ ಗೋಣಿಚೀಲದಲ್ಲಿ ಮೆಟ್ಟಿಲ ಕೆಳಗಿವೆ.

ಚಿಂತಾಮಣಿಯ ನೀರಿಗೆ ನನ್ನ ಆಯ್ಕೆ ಟ್ಯೂಬ್. ತುಮಕೂರಿನಲ್ಲಿರುವ ತಂಗಿಯ ಮನೆಗೆ ನಲ್ಲಿಯಲ್ಲಿ ಹೇಮಾವತಿ ಬರುತ್ತದೆ. ಅವಳಿಗೆ ತಾಮ್ರದ್ದನ್ನೇ ಹಾಕಿಸಲು ಹೇಳಿದ್ದೇನೆ, ಅದಕ್ಕೆ ಕೊಳವೆ ಬಾವಿಯ ನೀರನ್ನು ಮಾತ್ರ ಸೇರಿಸಬೇಡ ಎಂದೂ ಹೇಳಿದ್ದೇನೆ.